ಗುಡ್ಡಕ್ಕೆ ಜ್ವರ ಬಂದಾಗ

ಬಿಸಿಲು ಇನ್ನೂ ಎದುರು ಕಟ್ಟಡದ ನೀರಿನ ಟ್ಯಾಂಕಿನ ಹಿಂದೆಯೇ ಇದೆ, ಆದರೂ ಗೋಡೆ ಆಗಲೇ ಬೆಚ್ಚಗಿದೆ, ಅಂಗೈ ಇಟ್ಟರೆ ಮಲಗಿದ ದನದ ಬೆನ್ನು ಮುಟ್ಟಿದ ಹಾಗೆ — ರಾತ್ರಿಯೆಲ್ಲ ತಣಿಯಲೇ ಇಲ್ಲವಲ್ಲ ಇದು, ಅಂದುಕೊಳ್ಳುತ್ತ ಅವಳು ಬಕೆಟ್ಟಿನಿಂದ ಚಾದರವನ್ನು ಮೇಲೆತ್ತಿದಳು, ನೀರು ಮೊಣಕೈವರೆಗೆ ಇಳಿದು ತೊಟ್ಟಿಕ್ಕಿತು, ಹಾಯೆನಿಸಿತು, ಇಡೀ ದಿನದಲ್ಲಿ ಮೈಗೆ ಹಿತವಾಗುವುದು ಇದೊಂದೇ ಗಳಿಗೆ, ಚಾದರ ಹಿಂಡುವ ಗಳಿಗೆ, ಹಿಂಡಬೇಕು ಆದರೆ ಪೂರ್ತಿ ಹಿಂಡಬಾರದು, ಪೂರ್ತಿ ಹಿಂಡಿದರೆ ಕಿಟಕಿಗೆ ಕಟ್ಟಿದ ಸ್ವಲ್ಪ ಹೊತ್ತಿಗೇ ಒಣಗಿ ಗರಗರ ಅನ್ನುತ್ತದೆ, ಹಿಂಡದೆ ಕಟ್ಟಿದರೆ ನೀರು ಕೆಳಗಿನ ಮನೆಯ ಕಿಟಕಿಗಿಳಿದು ಆ ಮನೆಯಾಕೆ ತಲೆ ಹೊರಗೆ ಹಾಕಿ ಏನ್ರೀ, ನಿಮ್ಮನೇಲಿ ಮಾತ್ರ ಮಳೆಗಾಲ ಶುರುವಾಯ್ತಾ ಅಂತ ಕೇಳುತ್ತಾಳೆ, ಸಿಟ್ಟಿನಿಂದಲ್ಲ, ಅವಳ ಕಿಟಕಿಯಲ್ಲೂ ಹಳೆಯ ಪರದೆಯೊಂದು ನೀರು ಕುಡಿದು ಜೋತುಬಿದ್ದಿದೆ, ಊರ ಹೊರಗೆ ಕಸ ಸುರಿದು ಸುರಿದು ಬೆಳೆದ ಗುಡ್ಡಕ್ಕೆ ಬೆಂಕಿ ಬಿದ್ದ ದಿನದಿಂದ ಈ ಬೀದಿಯ ಅರ್ಧಕ್ಕರ್ಧ ಕಿಟಕಿಗಳಿಗೆ ಒದ್ದೆ ಬಟ್ಟೆಯೇ ಬಾಗಿಲು, ಒದ್ದೆ ಬಟ್ಟೆ ಹೊಗೆಯನ್ನು ಹಿಡಿದುಕೊಳ್ಳುತ್ತದೆ, ಬರುವ ಗಾಳಿಯನ್ನು ಒಂದಿಷ್ಟು ತಂಪು ಮಾಡುತ್ತದೆ, ಬರುವ ಗಾಳಿ ಅಂತೇನೂ ಇಲ್ಲ ಅನ್ನುವುದು ಬೇರೆ ಮಾತು, ಸಮುದ್ರ ಏನೋ ನಾಲ್ಕು ಬೀದಿ ಆಚೆಗೇ ಇದೆ, ಆದರೆ ಅದೂ ಈ ಸೆಕೆಗೆ ಸೋತು ಅಂಗಾತ ಬಿದ್ದುಕೊಂಡಿದೆ, ಒಂದು ಉಸಿರು ಈ ಕಡೆ ಬಿಡುವುದಿಲ್ಲ, ಬಿಟ್ಟರೂ ಉಪ್ಪು, ಬೆವರು, ಅಂಟು — ಸ್ಟೂಲಿನ ಮೇಲೆ ನಿಂತು ಚಾದರದ ಒಂದು ತುದಿಯನ್ನು ಮೊಳೆಗೆ ಸಿಕ್ಕಿಸಿದ್ದಾಳೆ, ಇನ್ನೊಂದು ತುದಿ ಹಲ್ಲಲ್ಲಿದೆ, ಅಷ್ಟರಲ್ಲಿ ಫೋನು, ಹೊಲಿಗೆ ಮೆಷಿನ್ನಿನ ಮೇಲೆ ಗುಂಡಿಗಳ ಡಬ್ಬಿಯ ಪಕ್ಕದಲ್ಲಿ ಗುರ್ ಗುರ್ ಅನ್ನುತ್ತ ತನ್ನಷ್ಟಕ್ಕೆ ತಿರುಗುತ್ತಿದೆ, ಅಕ್ಕನೇ ಇರಬೇಕು, ಈ ಹೊತ್ತಿನಲ್ಲಿ ಅಕ್ಕನ ಹೊರತು ಬೇರೆ ಯಾರು.

ಏನೇ, ಬ್ಯಾಗ್ ರೆಡಿ ಮಾಡಿದ್ಯಾ, ಅಂತ ಅಕ್ಕ, ಹಲೋ ಗಿಲೋ ಏನೂ ಇಲ್ಲ, ಅಕ್ಕನ ಮಾತು ಯಾವಾಗಲೂ ಹೀಗೆ, ಬಾಗಿಲು ತಟ್ಟದೆ ಒಳಗೆ ಬರುವ ಜಾತಿ, ನಿಮ್ಮ ಭಾವ ಬೆಳಕು ಹರಿಯೋ ಮುಂಚೆನೇ ಹೊರಟಿದ್ದಾರೆ, ಮಾರ್ಕೆಟ್ಟಲ್ಲಿ ಆಲೂಗಡ್ಡೆ ಇಳಿಸಿ ಊಟದ ಹೊತ್ತಿಗೆ ನಿನ್ನ ಬಾಗಿಲಿಗೆ ಬರ್ತಾರೆ, ಗಾಡಿ ನಿಲ್ಸೋಕೆ ಜಾಗ ಇಲ್ಲ ನಿಮ್ಮ ಬೀದೀಲಿ, ಮಗೂನ ರೆಡಿಯಾಗಿಟ್ಟಿರು, ಇಲ್ಲಿ ಏನು ಕಮ್ಮಿ ಹೇಳು, ರಾತ್ರಿ ಕಂಬಳಿ ಹೊದ್ಕೋಬೇಕು ಅಂಥ ಗಾಳಿ — ಹೇಳಿದ್ಯಾ ಮಗೂಗೆ? ಹೇಳ್ತೀನಕ್ಕ. ಹೇಳ್ತೀನಿ ಅಂದ್ರೆ ಇನ್ನೂ ಹೇಳಿಲ್ಲ ಅಂತ. ಹೇಳ್ತೀನಿ ಅಂದ್ನಲ್ಲ. ನಿನಗೆ ಚಿಕ್ಕಂದಿನಿಂದಲೂ ಇದೇ ಬುದ್ಧಿ, ಕಹಿ ಔಷಧಿ ಅಂದ್ರೆ ಲೋಟ ಕೈಯಲ್ಲಿ ಹಿಡ್ಕೊಂಡು ಸಂಜೆವರೆಗೂ ಕೂರ್ತಿದ್ದೆ, ಅಂತ ಅಕ್ಕ ನಗುತ್ತಾಳೆ, ನಕ್ಕು, ಧ್ವನಿ ಇಳಿಸಿ, ನೀನು ಹೇಗಿದೀಯೇ, ಅನ್ನುತ್ತಾಳೆ, ನನಗೇನಾಗಿದೆ, ನಾನು ಗಟ್ಟಿ, ಅಂದಳು ಇವಳು, ಪಿಸುಮಾತಲ್ಲಿ, ಯಾಕೆಂದರೆ ಮಗಳು ಅಲ್ಲೇ ನೆಲದ ಮೇಲೆ ಅಂಗಿ ಎತ್ತಿ ಹೊಟ್ಟೆಯನ್ನು ತಣ್ಣನೆಯ ಕಲ್ಲಿಗೆ ಒತ್ತಿಕೊಂಡು ಮಲಗಿದ್ದಾಳೆ, ಒಂದು ಕಲ್ಲು ಬೆಚ್ಚಗಾದರೆ ಹೊರಳಿ ಪಕ್ಕದ ಕಲ್ಲಿಗೆ, ಬೆಕ್ಕಿನ ಹಾಗೆ ಇಡೀ ಮನೆಯ ನೆಲದ ಲೆಕ್ಕ ಅವಳಿಗೆ ಗೊತ್ತು, ಎಲ್ಲಿ ತಂಪು ಜಾಸ್ತಿ, ನೀರಿನ ಡ್ರಮ್ಮಿನ ಕೆಳಗೆ, ಆಮೇಲೆ ಬಚ್ಚಲಿನ ಹೊಸ್ತಿಲು, ಆಮೇಲೆ ಮೆಷಿನ್ನಿನ ಕಾಲಡಿ — ಈಗ ಮೆಷಿನ್ನಿನ ಕಾಲಡಿ ಇದ್ದಾಳೆ, ಕಣ್ಣು ಮಾತ್ರ ಇತ್ತ ನೆಟ್ಟಿದೆ, ಬ್ಯಾಗು ಮಂಚದ ಕೆಳಗಿದೆ, ಟ್ರಂಕಿನ ಹಿಂದೆ, ಮೇಲೆ ಗೋಣಿ ಮುಚ್ಚಿದ್ದು, ಕಳ್ಳತನ ಮಾಡಿದವಳ ಹಾಗೆ ಎರಡು ದಿನದಿಂದ ಒಂದೊಂದೇ ಅಂಗಿ ಅದರೊಳಗೆ ತುರುಕುತ್ತಿದ್ದಾಳೆ, ಈ ಮನೆಯಲ್ಲಿ ಇಷ್ಟೊಂದು ಗುಟ್ಟು ಹಿಂದೆ ಯಾವಾಗಿತ್ತು, ಮಗಳು ಹುಟ್ಟುವಾಗ ಕೂಡ ಇರಲಿಲ್ಲ.

ಮಗಳಿಗೆ ವಟವಟಿ ಅಂತ ಹೆಸರಿಟ್ಟದ್ದು ತಾರಸಿಯ ಮೇಲಿನ ಒಂಟಿ ಕೋಣೆಯಲ್ಲಿರುವ ಅಜ್ಜಿ, ಈ ಹುಡುಗಿ ಬಾಯಿ ತೆರೆದ್ರೆ ನನ್ನ ರೇಡಿಯೋ ಯಾರಿಗೆ ಬೇಕು ಅಂತ, ಸ್ಕೂಲಿನಲ್ಲಿ ಬೇರೆ ಹೆಸರಿದೆ, ಅದನ್ನು ಕರೆದರೆ ಮಗಳೇ ಯಾರಪ್ಪ ಅದು ಅಂತ ಆಚೆ ಈಚೆ ನೋಡುತ್ತಾಳೆ, ಆದರೆ ವಟವಟಿ ಈಗ ಮೂರ್ನಾಲ್ಕು ದಿನದಿಂದ ಮಾತು ಕಮ್ಮಿ ಮಾಡಿದ್ದಾಳೆ, ಮಾತಾಡಿದರೆ ಕೆಮ್ಮು ಬರುತ್ತದಲ್ಲ ಅದಕ್ಕೆ ಅಂತ ತಾಯಿ ಮೊದಲು ಅಂದುಕೊಂಡಿದ್ದಳು, ಈಗ ಅನ್ನಿಸುತ್ತಿದೆ, ಅಲ್ಲ, ಬಾಯಲ್ಲಿ ಏನೋ ಒಂದನ್ನು ಇಟ್ಟುಕೊಂಡಿದ್ದಾಳೆ ಇವಳು, ನುಂಗುವುದೂ ಇಲ್ಲ, ಉಗುಳುವುದೂ ಇಲ್ಲ, ಬೀಜವನ್ನು ದವಡೆಯಲ್ಲಿ ಇಟ್ಟುಕೊಂಡ ಹಾಗೆ, ಏನೇ ಅದು ಅಂದರೆ ಏನಿಲ್ಲ ಅನ್ನುತ್ತಾಳೆ, ಏನಿಲ್ಲ ಅನ್ನುವಾಗ ಕತ್ತನ್ನು ಪಕ್ಕಕ್ಕೆ ತಿರುಗಿಸುತ್ತಾಳೆ, ಆಗ ಆ ಗುಳಿ ಕಾಣುತ್ತದೆ, ಕತ್ತಿನ ಬುಡದ ಗುಳಿ, ಎರಡು ಮೂಳೆಗಳ ನಡುವೆ, ಹೆಬ್ಬೆರಳು ಕೂರುವಷ್ಟು — ಅದನ್ನೇ ನೋಡಿ ಅಂದಿದ್ದರು ಡಾಕ್ಟರಮ್ಮ, ಮಿಷನ್ನು, ನಂಬರು, ಏನೂ ಬೇಡಮ್ಮ ನಿಮಗೆ, ಈ ಗುಳಿ ನೋಡ್ತಾ ಇರಿ ಸಾಕು, ಉಸಿರು ಎಳ್ಕೊಂಡಾಗ ಇದು ಒಳಗೆ ಎಳೀತಿದ್ರೆ ಉಸಿರಿನ ಪಂಪ್ ಕೊಡಿ, ಪಂಪ್ ಕೊಟ್ಟ ಮೇಲೂ ಎಳೀತಿದ್ರೆ ನನ್ನ ಹತ್ರ ಬನ್ನಿ, ಸಾಧ್ಯ ಆದ್ರೆ ಹೊಗೆ ಹೋಗೋವರೆಗೂ ಮಗೂನ ಬೇರೆ ಕಡೆ ಇಡಿ, ಬೇರೆ ಕಡೆ, ಎಷ್ಟು ಸಲೀಸಾಗಿ ಅಂದುಬಿಟ್ಟರು, ಡಬ್ಬಿಯನ್ನು ಈ ಶೆಲ್ಫಿನಿಂದ ಆ ಶೆಲ್ಫಿಗೆ ಇಡಿ ಅನ್ನುವಂತೆ — ಅವತ್ತಿನಿಂದ ಅವಳ ಕಣ್ಣಿಗೆ ಲೋಕದಲ್ಲಿ ಬೇರೇನೂ ಕಾಣುವುದಿಲ್ಲ, ಹೊಲಿಯುವುದು ಸ್ಕೂಲ್ ಯೂನಿಫಾರ್ಮು, ಸ್ಕೂಲು ತೆರೆಯುವ ಮೊದಲು ಅಂಗಡಿಯವನಿಗೆ ರಾಶಿ ರಾಶಿ ಬಿಳಿ ಶರಟು ಕೊಡಬೇಕು, ಕಾಲರ್ ಕೂಡಿಸುವಾಗ ಪ್ರತಿ ಕಾಲರಿನ ನಡುವಿನ ಖಾಲಿ ಜಾಗದಲ್ಲಿ ಒಂದು ಗುಳಿ, ಒಳಗೆ ಹೋಗಿ ಹೊರಗೆ ಬರುವ ಗುಳಿ, ಪಾತ್ರೆ ಉಜ್ಜುವಾಗ ಚಮಚದ ತಗ್ಗಿನಲ್ಲಿ ಅದೇ, ಬಸ್ಸಿನಲ್ಲಿ ಎದುರು ಕೂತ ಯಾರದೋ ಮಗುವಿನ ಕತ್ತನ್ನು ನೋಡುತ್ತ ಇಳಿಯುವ ಸ್ಟಾಪನ್ನೇ ಮರೆತಿದ್ದಳು, ಆ ಮಗುವಿನ ತಾಯಿ ಸೆರಗಿನಿಂದ ಮಗುವಿನ ಕತ್ತು ಮುಚ್ಚಿದಳು, ದೃಷ್ಟಿ ಹಾಕುತ್ತಾಳೆ ಅಂತಲೋ ಏನೋ.

ಈಗ ಗುಳಿ ಶಾಂತವಾಗಿದೆ, ಬೆಳಿಗ್ಗೆ ಎದ್ದಾಗ ಇರಲಿಲ್ಲ, ಬೆಳಗಿನ ಹೊತ್ತೇ ಕೆಟ್ಟದ್ದು, ಯಾಕೋ ರಾತ್ರಿ ಮಲಗುವಾಗ ಚೆನ್ನಾಗಿಯೇ ಇರುತ್ತಾಳೆ, ಮುಂಜಾವಕ್ಕೆ ಎದೆಯಲ್ಲಿ ಸೀಟಿ ಶುರು, ಇವಳು ಕಿಟಕಿಯ ಸಂದಿಗಳಿಗೆಲ್ಲ ಹಳೇ ಬಟ್ಟೆ ತುರುಕಿದಳು, ಬಾಗಿಲ ಕೆಳಗೆ ಗೋಣಿ ಸುತ್ತಿಟ್ಟಳು, ಬಚ್ಚಲಿನ ಗಾಳಿಕಿಂಡಿಗೆ ಟೇಪು ಹೊಡೆದಳು, ಅಕ್ಕಿ ಡಬ್ಬಿಯ ಹಾಗೆ ಮುಚ್ಚಿಟ್ಟಿದೀಯಲ್ಲೇ ನಮ್ಮನ್ನ, ಹುಳ ಬೀಳದ ಹಾಗೆ, ಅಂದಿದ್ದರು ಇವರು, ಮಗಳ ಅಪ್ಪ, ಆದರೂ ಸೀಟಿ, ಎಲ್ಲಿಂದ ಬರುತ್ತದೆ ಈ ಹೊಗೆ ಒಳಗೆ — ಮೆಟ್ಟಿಲಲ್ಲಿ ಬೂಟಿನ ಸಪ್ಪಳ, ಭಾರವಾಗಿ, ಒಂದೊಂದೇ, ಇವರು ಬಂದರು, ರಾತ್ರಿಪಾಳಿ ಮುಗಿಸಿ, ಮನೆಯ ಬಾಗಿಲ ಮುಂದೆ ನಿಲ್ಲದೆ ಸೀದಾ ಮೇಲೆ ತಾರಸಿಗೆ, ಅದು ಮನೆಯ ಕಾನೂನು, ಅವಳೇ ಮಾಡಿದ್ದು, ಗುಡ್ಡದಿಂದ ಬಂದ ಮೈ, ಗುಡ್ಡದಿಂದ ಬಂದ ಬಟ್ಟೆ ಹೊಸ್ತಿಲು ದಾಟಬಾರದು, ತಾರಸಿಯ ಮೇಲೆ ಬಕೆಟ್ ನೀರು, ಸೋಪು, ಒಗೆದ ಲುಂಗಿ, ಮೂರೂ ಕಾದಿರಬೇಕು, ಸ್ನಾನ ಮಾಡಿ, ತಲೆ ತಿಕ್ಕಿ, ಮೂಗು ತೊಳೆದು, ಆಮೇಲೆ ಗಂಡ, ಆಮೇಲೆ ಅಪ್ಪ, ಅದಕ್ಕೆ ಮುಂಚೆ ಬರೀ ಹೊಗೆ — ಅವರ ಕೆಲಸ ಗುಡ್ಡವನ್ನು ಅಗೆಯುವ ಗಾಡಿ ಓಡಿಸುವುದು, ಬೆಂಕಿ ಮೇಲೆ ಕಾಣುವುದಿಲ್ಲ, ಹೊಟ್ಟೆಯೊಳಗೆ ಇದೆ, ಅಗೆದು ಅಗೆದು ದಾರಿ ಮಾಡಿಕೊಟ್ಟರೆ ಪೈಪಿನವರು ನೀರು ಬಿಡುತ್ತಾರೆ, ಇವರು ಮೇಲೆ ಮಣ್ಣು ಎಳೆಯುತ್ತಾರೆ, ಮಗಳಿಗೆ ಹೇಳುವ ಕಥೆಯೇ ಬೇರೆ, ಗುಡ್ಡಕ್ಕೆ ಜ್ವರ ಬಂದಿದೆ ಕಣೇ, ನಾನು ಹಣೆಗೆ ಒದ್ದೆ ಬಟ್ಟೆ ಹಾಕ್ತಾ ಇದೀನಿ, ಅದಕ್ಕೆ ಮಗಳು ದಿನಾ ಬೆಳಿಗ್ಗೆ ಮೆಟ್ಟಿಲಿನ ಕೆಳಗೆ ನಿಂತು ಕೂಗುತ್ತಾಳೆ, ಅಪ್ಪ, ಇವತ್ತು ಎಷ್ಟಿದೆ ಜ್ವರ, ಮೇಲಿನಿಂದ ನೀರು ಸುರಿದುಕೊಳ್ಳುವ ಸದ್ದಿನ ನಡುವೆ, ನಿನ್ನೆಗಿಂತ ಕಮ್ಮಿ, ಗಂಜಿ ಕುಡೀತು, ಮಾತ್ರೆ ಬೇಡ ಅಂತ ಹಟ ಮಾಡ್ತು, ನಿನ್ನ ಥರಾನೇ — ಇವತ್ತು ಮಗಳು ಕೂಗಲಿಲ್ಲ, ಅವಳು ಕಾದಳು, ಚಾದರದ ತುದಿ ಇನ್ನೂ ಕೈಯಲ್ಲಿ, ಕೂಗಲಿಲ್ಲ.

ಒಗೆದ ಲುಂಗಿ ಮೇಲಿಟ್ಟಿಲ್ಲ ಅಂತ ನೆನಪಾಗಿ ಅವಳು ಚಾದರವನ್ನು ಹೇಗೋ ಸಿಕ್ಕಿಸಿ ಮೇಲೆ ಓಡಿದಳು, ತಾರಸಿಯ ನೆಲ ಈ ಹೊತ್ತಿಗೇ ಕಾಲು ಸುಡುತ್ತದೆ, ಆಕಾಶ ಬೂದಿ ಕಲಸಿದ ಹಾಲಿನ ಬಣ್ಣ, ಸೂರ್ಯ ಅದರಲ್ಲಿ ಸವೆದ ನಾಣ್ಯದ ಹಾಗೆ, ಕಣ್ಣಿಟ್ಟು ನೋಡಬಹುದು, ಒಂದು ಕಾಲದಲ್ಲಿ ಇಲ್ಲಿಂದ ಸಮುದ್ರದ ಒಂದು ಚೂರು ಕಾಣುತ್ತಿತ್ತು, ಮದುವೆಯಾಗಿ ಬಂದ ಹೊಸತರಲ್ಲಿ ಇವರು ಇಲ್ಲಿಗೆ ಕರೆತಂದು ಎರಡು ಕಟ್ಟಡದ ಸಂದಿಯಲ್ಲಿ ಬೆರಳಿಟ್ಟು, ನೋಡು ನಿನಗೆ ಸಮುದ್ರ ಕಾಣೋ ಮನೆ ಮಾಡಿದೀನಿ ಅಂದಿದ್ದರು, ಬೆರಳಿನಷ್ಟೇ ಅಗಲದ ಸಮುದ್ರ, ಅವಳು ಎಷ್ಟು ನಕ್ಕಿದ್ದಳು, ಇವತ್ತು ಅದೂ ಇಲ್ಲ — ಇವರು ಟ್ಯಾಂಕಿನ ಮರೆಯಲ್ಲಿ ಕೂತು ಬೂಟು ಬಿಚ್ಚುತ್ತಿದ್ದಾರೆ, ಕಣ್ಣಿನ ಸುತ್ತ ಮಾತ್ರ ಬಿಳಿ, ಕನ್ನಡಕ ಕಟ್ಟಿದ ಜಾಗ, ಉಳಿದದ್ದೆಲ್ಲ ಕಪ್ಪು, ಗೂಬೆ ಥರ ಇದೀರಿ ಅಂದಳು, ಗೂಬೆಗೂ ಹೆಂಡ್ತಿ ಇರ್ತಾಳಲ್ಲ, ಅವಳಿಗೆ ಚೆನ್ನಾಗೇ ಕಾಣುತ್ತೆ, ಅಂದರು, ಎದ್ದು ಶರಟು ಬಿಚ್ಚಿ ಹಗ್ಗದ ಮೇಲೆ ಹಾಕಿದರು, ಸಂಜೆವರೆಗೂ ಅಲ್ಲೇ ಗಾಳಿಯಾಡಬೇಕು ಅದು, ನೀರು ಬರುವುದೇ ಸಂಜೆ, ಆಮೇಲೆ ಒಗೆತ, ಹೇಳಿದ್ಯಾ ಅವಳಿಗೆ, ಅಂತ ಇವರೂ ಕೇಳಿದರು, ಲೋಕವೆಲ್ಲ ಇದೊಂದೇ ಕೇಳುತ್ತದೆ, ನೀವೇ ಹೇಳಿ, ಅಂದಳು, ನಾನು ಹೇಳಿದ್ರೆ ಗುಡ್ಡದ ಕಥೆ ಥರ ಆಗುತ್ತೆ, ಅಂದರು ಇವರು, ನಂಬೋದಿಲ್ಲ, ನೀನು ಹೇಳಿದ್ರೆ ನಂಬ್ತಾಳೆ — ಅಷ್ಟರಲ್ಲಿ ಎಲ್ಲಿಂದಲೋ ಒಂದು ಹಿಡಿ ಗಾಳಿ, ಇಡೀ ಬೆಳಗಿಗೆ ಮೊದಲನೆಯದು, ತಾರಸಿ ದಾಟಿ ಹೋಯಿತು, ಹಗ್ಗದ ಮೇಲೆ ನಿನ್ನೆ ಸಂಜೆ ಒಗೆದು ಹಾಕಿದ ಇನ್ನೊಂದು ಚಾದರ ಉಬ್ಬಿ, ಎದ್ದು, ಪಕ್ಕದ ಶರಟಿನ ಮೇಲೆ ಬಿದ್ದು, ತೋಳು ಸಮೇತ ಸುತ್ತಿಕೊಂಡಿತು, ಕೋಣೆಯ ಬಾಗಿಲಲ್ಲಿ ಕಾಗದದಿಂದ ಗಾಳಿ ಬೀಸಿಕೊಳ್ಳುತ್ತ ಕೂತಿದ್ದ ತಾರಸಿ ಅಜ್ಜಿ ಕಿಸಕ್ಕನೆ ನಕ್ಕರು, ನೋಡಮ್ಮ ನಿನ್ನ ಚಾದರಾನ, ದಿನಾ ಇದೇ ಆಟ ಅದರದ್ದು, ಅವನು ಶರಟು ನೇತು ಹಾಕೋದೇ ತಡ, ಹೋಗಿ ತಬ್ಬಿಕೊಳ್ಳುತ್ತೆ, ಸಂಜೆವರೆಗೂ ಬಿಡಲ್ಲ, ನಿನಗಿಂತ ಅದಕ್ಕೇ ಪ್ರೀತಿ ಜಾಸ್ತಿ — ಇವರು ನಕ್ಕರು, ಅವಳೂ ನಕ್ಕಳು, ನಗು ಬಾಯಲ್ಲಿ ಇರುವಾಗಲೇ ಕಾಲು ಹಗ್ಗದ ಕಡೆ ನಡೆಯಿತು, ಚಾದರದ ಅಂಚು ಹಿಡಿದು ಮೂಗಿಗೆ ತಂದಳು.

ಸೋಪಿನ ವಾಸನೆ ಮೇಲೆ, ಅದರ ಕೆಳಗೆ, ದಾರದ ಒಳಗೆ, ಸುಟ್ಟ ರಬ್ಬರು, ಸುಟ್ಟ ಪ್ಲಾಸ್ಟಿಕ್ಕು, ಎಣ್ಣೆ, ಗುಡ್ಡ, ಪೂರ್ತಿ ಗುಡ್ಡ — ಹಗಲೆಲ್ಲ ಈ ಒಂದೇ ಹಗ್ಗದ ಮೇಲೆ, ಶರಟಿನ ಮಗ್ಗುಲಲ್ಲಿ, ಸಂಜೆ ಅವಳೇ ಮಡಿಸಿ ಕೆಳಗೆ ಒಯ್ದು ರಾತ್ರಿ ಮಗಳ ಹಾಸಿಗೆಗೆ ಹಾಸುವುದು, ಮನೆಯಲ್ಲಿರುವುದು ಮೂರೇ ಚಾದರ, ಒಂದು ಕಿಟಕಿಗೆ, ಒಂದು ಹಾಸಿಗೆಗೆ, ಒಂದು ಹಗ್ಗಕ್ಕೆ, ಸರದಿಯಂತೆ ಅದಲುಬದಲು, ಮಗಳು ಅದರ ಮೇಲೆ ಕವುಚಿ ಮಲಗುತ್ತಾಳೆ, ಮೂಗು ಒತ್ತಿಕೊಂಡು, ಮುಂಜಾವಕ್ಕೆ ಸೀಟಿ, ದೇವರೇ, ಸಂದಿಗೆಲ್ಲ ಬಟ್ಟೆ ತುರುಕಿದ್ದೇನು, ಟೇಪು ಹೊಡೆದದ್ದೇನು, ಗಂಡನನ್ನು ಹೊಸ್ತಿಲಾಚೆ ನಿಲ್ಲಿಸಿದ್ದೇನು, ಹೊಗೆಯನ್ನು ಮಡಿಸಿ, ಮಡಿಕೆಯ ಮೇಲೆ ಅಂಗೈ ಸವರಿ, ಕಂಕುಳಲ್ಲಿ ಇಟ್ಟುಕೊಂಡು ಒಯ್ದವಳು ಅವಳೇ — ಏನಾಯ್ತೇ, ಅಂದರು ಇವರು, ಅವಳು ಚಾದರವನ್ನು ಅವರ ಮುಖಕ್ಕೆ ಹಿಡಿದಳು, ನನಗೇನೂ ಗೊತ್ತಾಗಲ್ಲ, ನನ್ನ ಮೂಗು ಸತ್ತು ಎಷ್ಟು ದಿನ ಆಯ್ತು, ಅಂದರು, ಅವಳಿಗೂ ಯಾಕೆ ಗೊತ್ತಾಗಲಿಲ್ಲ, ದಿನಾ ಆ ಬಟ್ಟೆ ಒಗೆಯುವ ಕೈ, ಆ ಮನುಷ್ಯನ ಪಕ್ಕ ಉಣ್ಣುವ ಮೂಗು, ಇದೇ ಮನೆಯ ವಾಸನೆ ಅಂದುಕೊಂಡಿತು, ಅಜ್ಜಿ ಏನೂ ಅರ್ಥವಾಗದೆ, ನಾನೇನು ತಪ್ಪು ಮಾತಾಡಿದ್ನಾ ತಾಯಿ ಅಂದರು, ಇಲ್ಲ ಅಜ್ಜಿ, ನೀವು ದಿನಾ ಮಾತಾಡಿದ್ದು ನಾನು ಇವತ್ತು ಕೇಳಿಸ್ಕೊಂಡೆ, ಅಷ್ಟೆ, ಅಂದು ಇಳಿದಳು, ಮೆಟ್ಟಿಲು ಕಾಲಿಗೆ ಸಿಗಲಿಲ್ಲ.

ಮಗಳು ಹಾಸಿಗೆಯ ಮೇಲೆ ಕೂತಿದ್ದಾಳೆ, ರಾತ್ರಿಯ ಚಾದರ ಇನ್ನೂ ತೆಗೆದಿರಲಿಲ್ಲ, ಇವಳು ಬಂದು ಒಂದೇ ಸಲಕ್ಕೆ ಎಳೆದಳು, ಮಗಳು ಇನ್ನೊಂದು ತುದಿ ಹಿಡಿದಳು, ಬಿಡು. ಬೇಡಮ್ಮ, ಒಗೀಬೇಡ ಇದನ್ನ. ಕೊಳೆ ಆಗಿದೆ ಕಣೆ, ಬಿಡು. ಕೊಳೆ ಅಲ್ಲ, ಅಪ್ಪನ ವಾಸನೆ. ಎಷ್ಟು ಮೆಲ್ಲಗೆ ಅಂದಳು, ಯಾರಿಗೂ ತೊಂದರೆ ಕೊಡದ ಹಾಗೆ, ತಾಯಿಯ ಕೈ ಸಡಿಲವಾಯಿತು, ಮಂಚದ ತುದಿಯಲ್ಲಿ ಕೂತಳು, ನಿನಗೆ ಗೊತ್ತಿತ್ತಾ? ಹೂಂ. ಯಾವಾಗಿಂದ? ಮೊದಲಿಂದಾನೂ, ಅಪ್ಪ ರಾತ್ರಿ ಇರಲ್ಲ, ಹಗಲು ಮಲಗಿರ್ತಾರೆ, ಮುಟ್ಟಬೇಡ ಅಂತೀಯ, ಇದರಲ್ಲಿ ಇರ್ತಾರೆ. ಮತ್ತೆ ನನಗ್ಯಾಕೆ ಹೇಳಲಿಲ್ಲ ನೀನು? ಹೇಳಿದ್ರೆ ಒಗೀತಿದ್ದೆ, ಇನ್ನೊಂದು ಸಲ, ಬಿಸಿನೀರಲ್ಲಿ — ಹೌದು, ಒಗೆಯುತ್ತಿದ್ದಳು, ಬಿಸಿನೀರಲ್ಲಿ, ಬ್ರಶ್ಶು ಹಾಕಿ ತಿಕ್ಕುತ್ತಿದ್ದಳು, ಮಗಳು ಲೆಕ್ಕ ಹಾಕಿದ್ದಾಳೆ, ಬೆಳಗಿನ ಸೀಟಿಗೂ ಅಪ್ಪನ ವಾಸನೆಗೂ ತಕ್ಕಡಿ ಹಿಡಿದು, ವಾಸನೆಯೇ ಇರಲಿ ಅಂತ, ಇಷ್ಟೇ ಇಷ್ಟು ಇರುವ ಇವಳು, ಸಿಟ್ಟು ಬರಬೇಕಿತ್ತು, ಬಂದದ್ದು ಸಿಟ್ಟಲ್ಲ, ಮಗಳನ್ನು ಎಳೆದು ಮಡಿಲಿಗೆ ಹಾಕಿಕೊಂಡಳು, ಬೆವರಿಗೆ ಬೆವರು ಅಂಟಿತು, ಸೆಕೆ ಅಮ್ಮ, ಸೆಕೆ, ಅಂದಳು ಮಗಳು, ಆದರೆ ಎದ್ದು ಹೋಗಲಿಲ್ಲ, ಆಗ ಮತ್ತೆ ಗುಳಿ, ಕಣ್ಣಿನಿಂದ ಇಷ್ಟೇ ದೂರದಲ್ಲಿ, ಉಪ್ಪು ಬೆವರಿನ ಒಂದು ಹನಿ ಅದರಲ್ಲಿ ನಿಂತಿದೆ, ಉಸಿರಿಗೆ ನಡುಗುತ್ತದೆ, ಬೀಳುವುದಿಲ್ಲ.

ಹಾಗಾದ್ರೆ ಕಳಿಸೋದು ಬೇಡ್ವಲ್ಲ, ಅಂದಳು, ಇವರು ಸ್ನಾನ ಮುಗಿಸಿ ಲುಂಗಿ ಉಟ್ಟು ಬಾಗಿಲಿಗೆ ಬಂದಾಗ, ಅಡುಗೆಮನೆಯ ಕಡೆ ಕರೆದು, ಪಿಸುಮಾತಲ್ಲಿ, ಬೆಳಗಿನ ಸೀಟಿಗೆ ಚಾದರವೇ ಕಾರಣ ಅಂದ್ರೆ ಚಾದರ ಬೇರೆ ಕಡೆ ಒಣಗಿಸಿದ್ರಾಯ್ತು, ಭಾವನಿಗೆ ಊಟ ಹಾಕಿ ಖಾಲಿ ಗಾಡಿ ಕಳಿಸಿದ್ರಾಯ್ತು, ಅಕ್ಕ ಬೈತಾಳೆ, ಬೈಲಿ — ಇವರು ಕಿಟಕಿಗೆ ಹೋಗಿ ಒದ್ದೆ ಚಾದರದ ಅಂಚು ಎತ್ತಿದರು, ಅವಳು ಅವರ ಹೆಗಲಿನ ಮೇಲಿಂದ ನೋಡಿದಳು, ಬೀದಿಯ ಕೊನೆ ಇಲ್ಲ, ನಿನ್ನೆ ಇತ್ತು, ನಿನ್ನೆ ಮೆಡಿಕಲ್ ಶಾಪಿನ ಬೋರ್ಡಿನ ತನಕ ಕಾಣುತ್ತಿತ್ತು, ಇವತ್ತು ಎದುರು ಮನೆಯ ಟ್ಯಾಂಕಿನ ತನಕ, ಅಷ್ಟೆ, ಕೆಳಗಿನ ಪದರಕ್ಕೆ ನೀರು ಇನ್ನೂ ಮುಟ್ಟಿಲ್ಲ ಕಣೆ, ಅಂದರು, ಗುಡ್ಡದ ಜ್ವರ ಕಮ್ಮಿ ಅಂತ ಅವಳಿಗೆ ಹೇಳ್ತೀನಿ, ಕಮ್ಮಿ ಆಗಿಲ್ಲ, ಒಂದು ಕಡೆ ಮುಚ್ಚಿದ್ರೆ ಇನ್ನೊಂದು ಕಡೆ ಬಾಯಿ ಬಿಡುತ್ತೆ, ಮಳೆ ಬಿದ್ದೇ ಆರಬೇಕೇನೋ, ಚಾದರ ಒಂದು ಕಾರಣ, ಇದು ಇನ್ನೊಂದು, ಅಂತ ಅಂಚನ್ನು ಇಳಿಬಿಟ್ಟರು, ಹೋಗಲಿ ಬಿಡು, ನಾಲ್ಕು ದಿನ ಕಂಬಳಿ ಹೊದ್ದು ಮಲಗಲಿ ನಮ್ಮ ಮಹಾರಾಣಿ, ಅವಳ ಜೊತೆ ನೀನೂ — ಅಂದರು, ಅವಳು ಅಷ್ಟಕ್ಕೇ ತಡೆದಳು, ನಾನು ಹೋದ್ರೆ ಬಕೆಟ್ ನೀರು ಯಾರು ಮೇಲೆ ಇಡೋದು, ನಿಮ್ಮ ಅನ್ನ ಯಾರು ಮಾಡೋದು, ಶರಟುಗಳು ಹಾಗೇ ಬಿದ್ದಿವೆ, ಕಾಜ ಆಗಬೇಕು, ಅಂಗಡಿಯವನು ಬಾಗಿಲಲ್ಲಿ ಕೂತ್ಕೊಳ್ತಾನೆ, ನನಗೇನಾಗಿದೆ, ನಾನು ಗಟ್ಟಿ — ಗಟ್ಟಿ ಅನ್ನುವಾಗಲೇ ಅದು ಎದ್ದಿತು, ಎದೆಯ ತಳದಿಂದ, ಗೊತ್ತಾಯಿತು ಬರುತ್ತಿದೆ ಅಂತ, ಬಟ್ಟೆ ನೆನೆಸಿಟ್ಟಿದ್ದೆ ಅಂತ ಗೊಣಗಿ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು.

ಟವೆಲನ್ನು ನಾಲ್ಕು ಮಡಿಕೆ ಮಾಡಿ ಬಾಯಿಗೆ, ಇನ್ನೊಂದು ಕೈಯಿಂದ ನಲ್ಲಿ, ನೀರು ಜೋರಾಗಿ ಬಕೆಟ್ಟಿಗೆ ಬೀಳುವಾಗ ಯಾರಿಗೂ ಏನೂ ಕೇಳಿಸುವುದಿಲ್ಲ, ಇದು ಅವಳು ಈ ಬೇಸಿಗೆಯಲ್ಲಿ ಕಲಿತ ಇನ್ನೊಂದು ವಿದ್ಯೆ, ಬಟ್ಟೆಯ ಧೂಳು ಮೊದಲೇ ಎದೆಯಲ್ಲಿತ್ತು, ಮೇಲೆ ಈ ಹೊಗೆ, ಹೊಲಿಯುವವರಿಗೆಲ್ಲ ಇರುವುದೇ, ಅವಳ ಅಮ್ಮನಿಗೂ ಇತ್ತು, ಯಾರು ಅದನ್ನು ದೊಡ್ಡದು ಮಾಡಿದ್ದರು, ಮಗು ಕೆಮ್ಮಿದರೆ ಮನೆಯಲ್ಲಿ ಸುದ್ದಿ, ಗಂಡಸು ಕೆಮ್ಮಿದರೆ ಬಿಸಿನೀರು, ತಾಯಿ ಕೆಮ್ಮಿದರೆ ನಲ್ಲಿ — ನೀರು ಬಿತ್ತು, ಬಿತ್ತು, ಮತ್ತೆ ನಲ್ಲಿ ಗೊರಗೊರ ಅಂದು, ಒಂದು ಸಲ ಉಗುಳಿ, ನಿಂತೇ ಹೋಯಿತು, ಟ್ಯಾಂಕಿನಲ್ಲಿ ತುಂಬಿಟ್ಟ ನಿನ್ನೆ ಸಂಜೆಯ ನೀರು ಇಷ್ಟು ಬೇಗ ಮುಗಿಯುವುದಲ್ಲ, ಮೇಲೆ ಇವರು ಸ್ನಾನಕ್ಕೆ ಎರಡು ಬಕೆಟ್ ಸುರಿದಿರಬೇಕು, ಕೆಮ್ಮು ನಿಲ್ಲಲಿಲ್ಲ, ಖಾಲಿ ಬಚ್ಚಲಲ್ಲಿ ಬೋರ್ಗಲ್ಲಿನ ಮೇಲೆ ಡಬ್ಬಿ ಉರುಳಿಸಿದ ಹಾಗೆ ಒಂದರ ಹಿಂದೆ ಒಂದು, ಟವೆಲ್ಲಿಗೂ ಬಗ್ಗದೆ, ಗೋಡೆ ಹಿಡಿದಳು, ಗೋಡೆ ಬೆಚ್ಚಗೆ, ಅಂಟಾಗಿ, ಕಣ್ಣಲ್ಲಿ ನೀರು, ಸಾಕು, ಸಾಕು ಸುಮ್ಮನಿರು, ಅಂತ ತನ್ನ ಎದೆಗೆ ತಾನೇ ಗದರಿದಳು, ಮಗಳ ಬೆನ್ನು ತಟ್ಟುವಾಗ ಅನ್ನುವ ಹಾಗೆ, ಕೊನೆಗೆ ಇಳಿಯಿತು, ಮುಖ ಒರೆಸಿಕೊಂಡು, ಕೂದಲು ಸರಿಮಾಡಿಕೊಂಡು, ಸೆರಗು ಎಳೆದುಕೊಂಡು, ಏನೂ ಆಗದವಳ ಮುಖ ಮಾಡಿಕೊಂಡು ಚಿಲಕ ತೆಗೆದಳು.

ಹೊಸ್ತಿಲ ಮೇಲೆ ವಟವಟಿ, ಪಕ್ಕದಲ್ಲಿ ಬ್ಯಾಗು, ಮಂಚದ ಕೆಳಗಿನಿಂದ ಟ್ರಂಕು ದಾಟಿಸಿ ಎಳೆದು ತಂದಿದ್ದಾಳೆ, ಗೋಣಿಯ ನಾರು ಕೂದಲಲ್ಲಿ, ಬಾರೇ ಇಲ್ಲಿ, ನಿನಗೊಂದು ವಿಷಯ ಹೇಳ್ಬೇಕಿತ್ತು, ಅಂತ ಅವಳು ಶುರುಮಾಡಿದಳು, ಮುಂದೇನು ಹೇಳಬೇಕೆಂದು ಎರಡು ದಿನದಿಂದ ಜೋಡಿಸಿಟ್ಟ ಮಾತು, ದೊಡ್ಡಮ್ಮ, ತಂಪು, ಕಂಬಳಿ, ಆಲೂಗಡ್ಡೆ ಗಾಡಿಯಲ್ಲಿ ಮುಂದಿನ ಸೀಟು, ಯಾವುದೂ ಸಾಲಿಗೆ ಬರಲಿಲ್ಲ, ಗೊತ್ತು, ಅಂದಳು ಮಗಳು, ದೊಡ್ಡಮ್ಮನ ಮನೆಗೆ, ದೊಡ್ಡಪ್ಪ ಬರ್ತಾರೆ. ಯಾರು ಹೇಳಿದ್ದು? ನೀನೇ, ಫೋನಲ್ಲಿ, ನೀನು ಜೋರಾಗಿ ಮಾತಾಡಿದ್ರೆ ನಾನು ಕೇಳಿಸ್ಕೊಳ್ಳಲ್ಲ ಅಮ್ಮ, ಪಿಸಪಿಸ ಅಂದ್ರೇನೇ ಕೇಳಿಸ್ಕೊಳ್ಳೋದು — ಬಾಗಿಲ ಹತ್ತಿರ ನಿಂತಿದ್ದ ಇವರು ನಕ್ಕುಬಿಟ್ಟರು, ಅಮ್ಮನ ಪಿಸುಮಾತು ಬೀದಿಗೆಲ್ಲ ಕೇಳಿಸುತ್ತೆ ಬಿಡು, ಅಂದರು, ಅವಳೂ ನಗಬೇಕೆಂದು ಬಾಯಿ ತೆರೆದಳು, ಉಸಿರು ಇನ್ನೂ ಪೂರ್ತಿ ಕೂತಿರಲಿಲ್ಲ, ಎಳೆದುಕೊಂಡಳು, ಅಡ್ಡ ಬಂತು, ಮತ್ತೆ ಎಳೆದುಕೊಂಡಳು, ಮಗಳು ನಗುತ್ತಿಲ್ಲ, ಮಗಳು ಅವಳ ಮುಖವನ್ನೇ ನೋಡುತ್ತಿಲ್ಲ, ನೋಟ ಅದಕ್ಕಿಂತ ಸ್ವಲ್ಪ ಕೆಳಗಿದೆ, ಎಲ್ಲಿ ನೋಡುತ್ತಿದ್ದಾಳೆ ಇವಳು, ಈ ನೋಟ ಎಲ್ಲೋ ಕಂಡದ್ದು, ತಲೆ ಒಂದು ಚೂರು ವಾರೆ, ಹುಬ್ಬು ಕೂಡಿಸಿ, ಸದ್ದಿಲ್ಲದೆ, ಇದು ತನ್ನದೇ ನೋಟವಲ್ಲವೇ, ಬೆಳಿಗ್ಗೆ, ಮಧ್ಯಾಹ್ನ, ಮೆಷಿನ್ನಿನ ಹಿಂದಿನಿಂದ, ಒಲೆಯ ಮುಂದಿನಿಂದ ತಾನು ನೋಡುವ ನೋಟ — ಮಗಳು ಬ್ಯಾಗಿನ ಮೇಲೆ ಹತ್ತಿ ನಿಂತಳು, ಗುಟ್ಟಾಗಿ ತುರುಕಿಟ್ಟ ಅಂಗಿಗಳೆಲ್ಲ ಅವಳ ಕಾಲಡಿ, ಎತ್ತರ ಸರಿಹೋಯಿತು, ಕೈ ಚಾಚಿ, ಸೆರಗನ್ನು ಸರಿಸಿ, ತೋರುಬೆರಳನ್ನು ತಾಯಿಯ ಕತ್ತಿನ ಬುಡದಲ್ಲಿ ಇಟ್ಟಳು, ಎರಡು ಮೂಳೆಗಳ ನಡುವೆ, ಬೆರಳು ತಣ್ಣಗಿತ್ತು, ನೆಲದ ಕಲ್ಲಿನ ತಂಪು ಅದರಲ್ಲಿತ್ತು, ಅವಳು ಉಸಿರು ಎಳೆದುಕೊಂಡಾಗ ಬೆರಳು ಒಳಗೆ ಹೋಯಿತು, ಬಿಟ್ಟಾಗ ಹೊರಗೆ ಬಂತು, ಮತ್ತೆ ಒಳಗೆ, ಬೆರಳ ಉಗುರಿನ ತನಕ, ಗುಳಿ, ಅವಳಿಗೆ ತನ್ನಲ್ಲೂ ಒಂದು ಇದೆ ಅನ್ನುವುದೇ ಮರೆತಿತ್ತು, ಗುಳಿ, ಅದರಲ್ಲಿ ಮಗಳ ಬೆರಳು, ಇವರ ನಗು ನಿಂತಿದೆ, ಯಾವ ಯೋಚನೆಯೂ ಮುಂದಕ್ಕೆ ಹೋಗುತ್ತಿಲ್ಲ, ಗುಳಿ, ಬೆರಳು, ಒಳಗೆ, ಹೊರಗೆ —

ನಾನು ಹೋದ್ಮೇಲೆ ನಿನ್ನ ಗುಳಿ ಯಾರಮ್ಮ ನೋಡೋದು?